ತಿರುವಿನಲ್ಲಿ ಸಿಕ್ಕಿಕೊಂಡ ಬೀರು

ಭಾನುವಾರ, ಊಟವಾದ ಮೇಲೆ

ಪೂಜ್ಯ ಅಪ್ಪನಿಗೆ,

ಸಮಸ್ತ ಬೀರು, ಮಂಚ, ಸೋಫಾಗಳನ್ನು ಮನೆಯಿಂದ ಮನೆಗೆ ಸಾಗಿಸುವ ಪಡೆಯ ಹಂಗಾಮಿ ಮೇಸ್ತ್ರಿಯಾದ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಬೆನ್ನು ಹೇಗಿದೆ? ಅಕ್ಕನ ಮನೆಯಲ್ಲಿ ಸುಮ್ಮನೆ ಮಲಗಿದ್ದೀರೋ, ಅವಳ ಕುರ್ಚಿಗಳನ್ನು ಆಚೀಚೆ ಎಳೆಯುತ್ತಿದ್ದೀರೋ? ಪತ್ರ ತಡವಾಯಿತು, ಕ್ಷಮಿಸಿ. ಗೆದ್ದ ಮೇಲೆಯೇ ಬರೆಯಬೇಕೆಂದು ಹಟ ಹಿಡಿದಿದ್ದೆ. ಈಗ ಬರೆಯುತ್ತಿದ್ದೇನೆ ಎಂದರೆ ಅರ್ಥವಾಯಿತಲ್ಲ.

ನಿನ್ನೆ ನಿವೃತ್ತ ಟೀಚರಮ್ಮನೊಬ್ಬರ ಮನೆ ಖಾಲಿ ಮಾಡುವುದಿತ್ತು. ಮೂರನೇ ಮಹಡಿ. ಲಿಫ್ಟ್ ಇದೆ, ಆದರೆ ಅದರಲ್ಲಿ ಅವರ ಬೆಕ್ಕು ಹಿಡಿಸುತ್ತದೆ, ಬೀರು ಹಿಡಿಸುವುದಿಲ್ಲ. ಬೀರು ಅವರ ತಾಯಿಯದು. ಗಟ್ಟಿ ತೇಗದ್ದು, ಬಾಗಿಲಿಗೆ ಆಳೆತ್ತರದ ಕನ್ನಡಿ. ನಮ್ಮ ಲಾರಿ ಮಾಲೀಕರು ಬೆಳಿಗ್ಗೆಯೇ ನನ್ನನ್ನು ಪಕ್ಕಕ್ಕೆ ಕರೆದು, ಅದರ ಮೇಲೆ ಒಂದು ಗೀರು ಬಿದ್ದರೂ ನಾಳೆಯಿಂದ ಮೇಸ್ತ್ರಿ ಬೇರೆಯವನು, ನಿಮ್ಮ ತಂಡವನ್ನೂ ಒಡೆದು ಬೇರೆ ತಂಡಗಳಿಗೆ ಹಂಚಿಬಿಡುತ್ತೇನೆ ಎಂದರು. ಇನ್ನೂ ಒಂದು ಮಾತು ಹೇಳಿದರು. ಅದು ಆಮೇಲೆ.

ನಾನು ಪದವಿಗೆ ತಕ್ಕ ಗಾಂಭೀರ್ಯದಿಂದ ಮೇಲಿನ ಮೆಟ್ಟಿಲ ಮೇಲೆ ನಿಂತೆ. ಟೀಚರಮ್ಮನ ಕೊಡೆಯನ್ನು ರಾಜದಂಡದಂತೆ ಎತ್ತಿ ಹಿಡಿದು ಪುಟ್ಟ ಭಾಷಣ ಬಿಗಿದೆ. ಚಿಕ್ಕಪ್ಪ ಬೀರು ಹೊತ್ತುಕೊಂಡೇ, "ಮಹಾಪ್ರಭು, ಮೊದಲು ಇದನ್ನ ಇಳಿಸೋಣ. ಭಾಷಣ ಕೆಳಗೂ ಕೇಳುತ್ತೆ" ಎಂದರು.

ಎರಡನೇ ಮಹಡಿಯ ತಿರುವಿನಲ್ಲಿ ಬೀರು ಸಿಕ್ಕಿಕೊಂಡಿತು. ಎರಡು ಮೂಟೆ ಒಂದೇ ಹೆಗಲಲ್ಲಿ ಹೊರುವ ನಮ್ಮ ಕರಡಿ ಕೆಳಗಿನಿಂದ ಎಳೆದ. ನಮ್ಮ ಅವಸರ ತನ್ನ ಅಡ್ಡಹೆಸರಿಗೆ ತಕ್ಕಂತೆ ಮೇಲಿನಿಂದ ನೂಕಿದ. ಚಿಕ್ಕಪ್ಪ ಇಬ್ಬರಿಗೂ ಬೈದರು. ನಾನು ಮೂವರ ಮೇಲೂ ಕೊಡೆ ಬೀಸಿದೆ. ಬೀರು ಗೋಡೆಗೂ ಕಂಬಿಗೂ ನಡುವೆ ಬೆಣೆ ಹೊಡೆದಂತೆ ಕೂತಿತು. ಕನ್ನಡಿ ಕಿರ್ ಎಂದಿತು. ಟೀಚರಮ್ಮ ಕಣ್ಣು ಮುಚ್ಚಿಕೊಂಡರು.

ಸ್ವಲ್ಪ ಉಸಿರು ಬಿಡಿ ಎಂದು ನಾನೂ ಕೂತೆ. ಪಕ್ಕದ ಗೋಡೆಯ ಮೇಲೆ ಇರುವೆಗಳು ಸತ್ತ ಪತಂಗವೊಂದನ್ನು ಸಾಗಿಸುತ್ತಿದ್ದವು. ನಮ್ಮದೇ ಕಸುಬು! ರೆಕ್ಕೆ ಬಿರುಕಿಗೆ ಸಿಕ್ಕಿತು. ಅವು ನೂಕಲಿಲ್ಲ, ಬಂದ ದಾರಿಯಲ್ಲೇ ಚೂರು ಹಿಂದೆ ಹೋಗಿ, ಪತಂಗವನ್ನು ಓರೆ ಮಾಡಿಕೊಂಡು ಮತ್ತೆ ಬಂದವು. ದಣಿದ ಇರುವೆ ಬಿಟ್ಟರೆ ಇನ್ನೊಂದು ಹಿಡಿಯುತ್ತಿತ್ತು. ಎಲ್ಲಾದರೂ ಒಂದು ಇರುವೆ ಕೊಡೆ ಹಿಡಿದು ನಿಂತಿದೆಯೇ ಎಂದು ಹುಡುಕಿದೆ. ಇರಲಿಲ್ಲ.

ಕೊಡೆಯನ್ನು ಗೋಡೆಗೆ ಒರಗಿಸಿ, ಬೀರಿನ ಸಂದಿಯಲ್ಲಿ ನುಸುಳಿ ಕೆಳಗೆ ಹೋದೆ. ಕರಡಿಯನ್ನು ಸರಿಸಿ ನಿಮ್ಮ ಜಾಗದಲ್ಲಿ ನಿಂತೆ. ಭಾರ ಹೊತ್ತು ಹಿಂದುಹಿಂದಾಗಿ ಇಳಿಯಬೇಕಲ್ಲ, ಆ ಜಾಗ. "ಯಾರ ಮೇಲೆ ಭಾರ ಇದೆಯೋ ಅವನೊಬ್ಬನೇ ಮಾತಾಡೋದು. ಮೊದಲು ನಾಲ್ಕು ಮೆಟ್ಟಿಲು ಮೇಲಕ್ಕೆ" ಎಂದೆ.

"ಇಳಿಸೋಕೆ ಬಂದು ಹತ್ತಿಸ್ತೀಯಲ್ಲೋ" ಎಂದು ಅವಸರ ಗೊಣಗಿದ. ಆದರೂ ಹತ್ತಿಸಿದ. ಓರೆ ಮಾಡಿದೆವು. ಬೀರು ಬೆಣ್ಣೆಯಂತೆ ಜಾರಿ ತಿರುವು ದಾಟಿತು.

ಅಪ್ಪಾ, ನೀವು ಯಾವಾಗಲೂ ಕೆಳಗೇ ನಿಲ್ಲುವುದು ಹಟದಿಂದ ಎಂದುಕೊಂಡಿದ್ದೆ. ಎಲ್ಲರ ಮುಖ ಕಾಣುವುದು ಅಲ್ಲಿಂದ ಮಾತ್ರ. ಅವಸರನ ತುಟಿ ಬಿಗಿಯಾದದ್ದು ನೋಡಿಯೇ ಅವನ ಕೈ ಸೋಲುತ್ತಿದೆ ಎಂದು ಗೊತ್ತಾಯಿತು. ಅವನು ಬಾಯಿ ಬಿಡುವ ಮೊದಲೇ ನಿಲ್ಲಿಸಿದೆ.

ಕೆಳಗೆ ಟೀಚರಮ್ಮ ಕನ್ನಡಕ ಹಾಕಿಕೊಂಡು, ಉತ್ತರಪತ್ರಿಕೆ ತಿದ್ದುವಂತೆ ಬೀರಿನ ಇಂಚಿಂಚೂ ನೋಡಿ, "ನೂರಕ್ಕೆ ನೂರು" ಎಂದರು. ಮಾಲೀಕರು ನನ್ನ ಪದವಿಯಿಂದ 'ಹಂಗಾಮಿ' ಕಿತ್ತುಹಾಕಿದರು. ಕರಡಿ ನನ್ನನ್ನೇ ಬೀರಿನಂತೆ ಹೊತ್ತು ಲಾರಿಗೆ ಪ್ರದಕ್ಷಿಣೆ ಹಾಕಿದ. ಚಿಕ್ಕಪ್ಪ ಕೊಡೆ ಬಿಚ್ಚಿ ನನ್ನ ತಲೆಯ ಮೇಲೆ ಹಿಡಿದರು.

ಅಕ್ಕನ ಮಗಳಿಗೆ ನನ್ನ ಆಶೀರ್ವಾದ. ನಿಮ್ಮದನ್ನು ನನಗೆ ಕಳಿಸಿ. ತೂಕ ಎಷ್ಟಿದ್ದರೂ ಹೊರುತ್ತೇನೆ.

ಇಂತಿ,
ನಿಮ್ಮ ಮಂಗ (ಈಗ ಪೂರ್ತಿ ಮೇಸ್ತ್ರಿ)

ತಾ.ಕ.: ಮಾಲೀಕರು ಹೇಳಿದ ಇನ್ನೊಂದು ಮಾತು ಇದು: "ನಿಮ್ಮಪ್ಪನೇ ಬಂದು, ಇವನಿಗೆ ಮಾತ್ರ ಮೇಸ್ತ್ರಿ ಕೆಲಸ ಕೊಡಬೇಡಿ ಅಂದಿದ್ರು." ಅದನ್ನು ಹೊತ್ತುಕೊಂಡೇ ಮೂರು ಮಹಡಿ ಹತ್ತಿದೆ, ಬೀರಿಗಿಂತ ಭಾರವಿತ್ತು. ನನ್ನ ಮಂಗಾಟಕ್ಕೆ ಹೆದರಿ ಹೇಳಿದಿರಿ ಎಂದುಕೊಂಡೆ. ಕೊನೆಯ ಮೆಟ್ಟಿಲಲ್ಲಿ ನನ್ನ ಸೊಂಟದಲ್ಲೂ, ನೀವು ಕೈಯಿಟ್ಟುಕೊಳ್ಳುವ ಅದೇ ಜಾಗದಲ್ಲಿ, ಚಳುಕು ಎದ್ದಿತು. ಆಗ ನೀವು ಹೆದರಿದ್ದು ಯಾವುದಕ್ಕೆ ಎಂದು ತಿಳಿಯಿತು. ಇನ್ನು ಹೆದರಬೇಡಿ ಅಪ್ಪಾ. ಇರುವೆಗಳ ಹಾಗೆ ನಾವೂ ಸರದಿ ಹಾಕಿಕೊಂಡಿದ್ದೇವೆ, ಮಹಡಿಗೊಬ್ಬರಂತೆ ಕೆಳಗಿನ ಜಾಗ. ನಾಳೆ ಮೊದಲ ಸರದಿ ಅವಸರನದು. ಬೆಳಿಗ್ಗೆಯಿಂದ ಬೀದಿಯಲ್ಲಿ ಹಿಂದುಹಿಂದಾಗಿ ನಡೆದು ಅಭ್ಯಾಸ ಮಾಡುತ್ತಿದ್ದಾನೆ. ಜೀವಮಾನದಲ್ಲಿ ಮೊದಲ ಸಲ, ನಿಧಾನವಾಗಿ.