ಮಧುಗಿರಿ ಬೆಟ್ಟದ ರಾಕೆಟ್ ನೆಲೆ

ಕ್ರಿ.ಶ. ೨೩೮೭, ಫೆಬ್ರವರಿ ೩೦
ಎಂಟನೇ ಸುರಂಗ, ಕೋಲಾರದ ಹಳೆಯ ಚಿನ್ನದ ಗಣಿ

ಚಿತ್ರಕಾರರಾದ ಶ್ರೀ ರಂಗಧಾಮ ಅವರಿಗೆ ಮುನಿಲಕ್ಷ್ಮಿಯ ನಮಸ್ಕಾರಗಳು.

ತಾರೀಕು ನೋಡಿ ನಗಬೇಡಿ. ಬಿಸಿಲಿಗೆ ಹೆದರಿ ನೆಲದೊಳಕ್ಕೆ ಇಳಿದ ಮೇಲೆ ನಮ್ಮ ಹಿರಿಯರು ಎಲ್ಲ ತಿಂಗಳಿಗೂ ಮೂವತ್ತೇ ದಿನ ಎಂದು ಮಾಡಿಬಿಟ್ಟರು. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕಾಣಬಹುದು. ನಿಮ್ಮ ಕಾಲದ ಪುಸ್ತಕಗಳನ್ನು ಓದಿ ಕಲಿತದ್ದು, ತಪ್ಪಿದ್ದರೆ ಮನ್ನಿಸಿ. ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಕಾಗದ. ಒಬ್ಬರಿಗೆ ಜನ್ಮದಲ್ಲಿ ಒಂದೇ ಸಲ ಅವಕಾಶ. ಮುನ್ನೂರು ವರ್ಷಕ್ಕಿಂತ ಹತ್ತಿರದವರಿಗೆ ಅದು ತಲುಪುವುದಿಲ್ಲ. ತಲುಪುವಂತಿದ್ದರೆ ಹೋದ ತಿಂಗಳ ನನಗೇ ಬರೆದು, ಚೆನ್ನಾಗಿ ಉಗಿದುಕೊಳ್ಳುತ್ತಿದ್ದೆ.

ನಾನು ಇಲ್ಲಿ ಹಳೆಯ ಕಾಗದಗಳ ತೀರ್ಪುಗಾರ್ತಿ. ಮೇಲಿನ ಪಾಳು ಊರುಗಳಲ್ಲಿ ಸಿಕ್ಕ ಪ್ರತಿ ಪುಸ್ತಕಕ್ಕೂ ಎರಡರಲ್ಲೊಂದು ಮುದ್ರೆ ಒತ್ತಬೇಕು: ‘ನಡೆದದ್ದು’ ಅಥವಾ ‘ಕಟ್ಟಿದ್ದು’. ನಡೆದದ್ದನ್ನು ಕಾಪಾಡುತ್ತೇವೆ. ಕಟ್ಟಿದ್ದನ್ನು ನೆನೆಸಿ, ಅರೆದು, ಉಸಿರುಜರಡಿ ಮಾಡುತ್ತೇವೆ. ಧೂಳು ಒಳಗೆ ಹೋಗದಂತೆ ಮೂಗಿಗೆ ಕಟ್ಟಿಕೊಳ್ಳುವ ಹಾಳೆ ಅದು. ಕಾದಂಬರಿಗಳನ್ನೆಲ್ಲ ನಾವು ಉಸಿರಾಡಿ ಮುಗಿಸಿದ್ದೇವೆ. ಸಾವಿರಾರು ಕಥೆಗಳನ್ನು ನನ್ನ ಕೈಯಾರೆ ನೆನೆಹಾಕಿದ್ದೇನೆ, ಒಂದನ್ನೂ ಉಳಿಸಿಕೊಂಡಿರಲಿಲ್ಲ.

ಹೋದ ತಿಂಗಳು ನಿಮ್ಮ ‘ಗಗನದಳ’ ಚಿತ್ರಕಥೆಯ ಮೊದಲ ಸಂಚಿಕೆ ಬಂತು. ತೀರ್ಪುಗಾರ್ತಿಯಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೊದಲ ಆರು ಪುಟ ಬರೀ ಪೀಠಿಕೆ. ರಾಕೆಟ್ ಹಾರುವುದು ಕಣ್ಣಿಗೇ ಕಾಣುತ್ತಿರುವಾಗ ಪಕ್ಕದಲ್ಲಿ ‘ಇಗೋ, ರಾಕೆಟ್ ಹಾರಿತು!’ ಎಂದು ಯಾಕೆ ಬರೆಯಬೇಕು? ಖಳನಾಯಕನಿಗೆ ಗಹಗಹಿಸುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಹನ್ನೊಂದನೇ ಪುಟದಲ್ಲಿ ನಿಮ್ಮ ನಾಯಕಿ ಕ್ಯಾಪ್ಟನ್ ಸುಗುಣೆಯ ಎಡಗೈಗೆ ಆರು ಬೆರಳು. ಆದರೆ ಆ ಬಣ್ಣ! ನಿಮ್ಮ ಕಾಲಕ್ಕೂ ಎಪ್ಪತ್ತು ವರ್ಷ ಹಿಂದಿನ ಪುಸ್ತಕದಂತೆ ಕಾಣಲೆಂದು ಹಾಳೆಯನ್ನು ಬೇಕೆಂದೇ ಹಳದಿ ಮಾಡಿ, ಕೆಂಪು ಬಣ್ಣ ಗೆರೆ ದಾಟಿ ಚೆಲ್ಲುವಂತೆ ಅಚ್ಚು ಹಾಕಿಸಿದ್ದೀರಿ. ಹೊಟ್ಟೆ ಉಬ್ಬಿದ ರಾಕೆಟ್ಟು, ತಲೆಗೆ ಗಾಜಿನ ಬುರುಡೆ, ಮಧುಗಿರಿ ಬೆಟ್ಟದ ಬುಡದಲ್ಲಿ ರಾಕೆಟ್ ನೆಲೆ, ಅಲ್ಲಿ ಸಾಲುಸಾಲು ನೀರಿನ ತೊಟ್ಟಿ, ಬಂದವರನ್ನು ಕೈಬೀಸಿ ಕರೆಯುವ ಜನ. ನಾನು ಆಕಾಶ ನೋಡಿದವಳೇ ಅಲ್ಲ. ಹತ್ತು ಸಲ ಓದಿದೆ. ಎರಡನೇ ಸಂಚಿಕೆ ಇರಬಹುದೇನೋ ಎಂದು ಇಡೀ ಉಗ್ರಾಣ ಜಾಲಾಡಿದೆ.

ಅದನ್ನು ಅರೆಯಲು ಮನಸ್ಸು ಬರಲಿಲ್ಲ. ಕೊನೆಯ ಪುಟದ ಕೆಳಗೆ ‘ಇದು ಕಾಲ್ಪನಿಕ ಕಥೆ’ ಎಂದು ಸಣ್ಣಕ್ಷರದಲ್ಲಿತ್ತು. ಬ್ಲೇಡಿನಿಂದ ಅದನ್ನು ಕೆರೆದು ತೆಗೆದೆ. ‘ನಡೆದದ್ದು’ ಎಂದು ಮುದ್ರೆ ಒತ್ತಿದೆ. ನಮ್ಮವರಿಗೆ ಹಳತಾಗಿ ಕಂಡಷ್ಟೂ ನಂಬಿಕೆ ಜಾಸ್ತಿ. ಸುರಂಗದ ಸಭೆ ಅದನ್ನು ಒಪ್ಪಿಕೊಂಡು ಎಲ್ಲರಿಗೂ ತೋರಿಸಿತು.

ನನ್ನ ತಂಗಿ ಸೊಣ್ಣಮ್ಮ ನಂಬಿದಳು. ನಮ್ಮ ಸುರಂಗದ ಒರತೆ ಬತ್ತುತ್ತಾ ಬಂದಿದೆ. ಹನ್ನೊಂದು ಜನರನ್ನು ಕಟ್ಟಿಕೊಂಡು ಅವಳು ಮಧುಗಿರಿಯ ಆ ನೆಲೆಗೆ ಹೊರಟು ನಿಂತಳು. ಅಕ್ಕನಾದ ನಾನು ಅವಳ ಕಾಲು ಹಿಡಿದು ನಿಜ ಹೇಳಿದೆ. ಕೆರೆದ ಜಾಗ ತೋರಿಸಿದೆ. ಅವಳು ನಕ್ಕಳು. “ಸುಮ್ನಿರಕ್ಕಾ. ನನ್ನ ತಡೆಯಕ್ಕೆ ಈಗ ಸುಳ್ಳು ಹೇಳ್ತಿದೀಯ. ಮುದ್ರೆ ಒತ್ತಿದೋಳು ನೀನೇ ತಾನೇ? ಅಲ್ಲಿ ನೀರೈತೆ, ಜನ ಅವ್ರೆ. ವಾಪಸ್ ಬಂದು ನಿನ್ನೂ ಕರ್ಕೊಂಡೋಗ್ತೀನಿ,” ಅಂದಳು. ಅವರು ಹೋಗಿ ನಾಲ್ಕು ದಿನವಾಯಿತು. ಧೂಳಿನ ಕಾಲ ಶುರುವಾಗಿ ಮೇಲಿನ ಬಾಗಿಲು ಮುಚ್ಚಿದ್ದಾರೆ, ಹಿಂದೆ ಓಡಿಹೋಗಲೂ ಆಗುವುದಿಲ್ಲ. ಅವರ ಹತ್ತಿರ ಇರುವುದು ಹೋಗುವ ದಾರಿಗಷ್ಟೇ ಸಾಲುವ ನೀರು. ನನಗೆ ಹುಚ್ಚು ಹಿಡಿದಂತಾಗಿದೆ, ಸ್ವಾಮಿ.

ಈ ಓಲೆ ತಲುಪುವ ಹೊತ್ತಿಗೆ ನಿಮ್ಮ ಸಂಚಿಕೆ ಅಂಗಡಿಗೆ ಬಂದಾಗಿರುತ್ತದೆ, ಅದನ್ನು ತಡೆಯಿರಿ ಎಂದು ಕೇಳುವಂತಿಲ್ಲ. ಆದರೆ ಬೆಟ್ಟ ನಿಮ್ಮ ಕಾಲದಲ್ಲೂ ಇದೆ. ನೀವು ಅದೇ ಊರಿನವರೆಂದು ಒಳಪುಟದಲ್ಲಿ ಬರೆದಿದೆ. ಎರಡನೇ ಸಂಚಿಕೆಯ ಕೆಲಸ ಬದಿಗಿಡಿ. ನೆಲೆಯ ಬಾಗಿಲನ್ನು ನೀವು ಎಲ್ಲಿ ಬರೆದಿದ್ದೀರೋ ಅಲ್ಲೇ ಬಂಡೆಯೊಳಗೆ ಒಂದು ತೊಟ್ಟಿ ಕೊರೆಸಿ. ನೀರು ತುಂಬಿಸಿ, ಚಪ್ಪಡಿ ಮುಚ್ಚಿ, ಗಾಳಿಯಾಡದಂತೆ ಸಂದು ಮೆತ್ತಿಸಿ. ಹನ್ನೆರಡು ಜನ ಹದಿನಾರು ದಿನ ನಡೆದು ವಾಪಸ್ ಬರಲು ಆಗುವಷ್ಟು ನೀರು ಸಾಕು. ಊರವರು ನಗುತ್ತಾರೆ, ನಗಲಿ. ಯಾರಾದರೂ ಕೇಳಿದರೆ ರಾಕೆಟ್ ನೆಲೆ ಕಟ್ಟಿಸುತ್ತಿದ್ದೇನೆ ಎನ್ನಿ.

ಸೊಣ್ಣಮ್ಮ ಅಲ್ಲಿಗೆ ತಲುಪಲು ಇನ್ನು ಹನ್ನೆರಡು ದಿನವಿದೆ. ನಿಮಗೆ ಮುನ್ನೂರ ಅರವತ್ತು ವರ್ಷವಿದೆ. ದಯವಿಟ್ಟು ಇವತ್ತೇ ಹೊರಡಿ.

ಸೊಣ್ಣಮ್ಮನ ಅಕ್ಕ,
ಮುನಿಲಕ್ಷ್ಮಿ