ಅಂಬಾಸಿಡರಿನಲ್ಲಿ ಕಲಿಸಿದ ಪಾಠ

ರಾಮಕೃಷ್ಣನಗರ, ಮೈಸೂರು
11 ಜುಲೈ 2024, ಗುರುವಾರ

ಮಗಳು ಹೇಮಶ್ರೀಗೆ ಅಪ್ಪಾಜಿಯ ಆಶೀರ್ವಾದ.

ಬೆಳಗ್ಗೆ ತಾನೇ ಯಾದವಗಿರಿಯಿಂದ ಬಸ್ಸು ಹತ್ತಿ ಬಂದು, ನಿಮ್ಮಮ್ಮನಿಗೆ ಸ್ನಾನ ಮಾಡಿಸಿ ಹೋಗಿದ್ದೀಯ. ಎದುರಿಗೆ ಇದ್ದಾಗ ಹೇಳದೆ, ನೀನು ಹೋದ ಮೇಲೆ ಕಾಗದ ಬರೆಯುವ ಅಪ್ಪನನ್ನು ಕಂಡು ನಗು ಬರಬಹುದು. ನಕ್ಕುಬಿಡು. ಮೂರು ವರ್ಷದಿಂದ ಎಷ್ಟೋ ಸಲ ಹೇಳಲೆಂದು ಬಾಯಿ ತೆರೆದು, ಕಾಫಿ ಕುಡಿದೆಯಾ ಎಂದು ಕೇಳಿ ಮುಚ್ಚಿಕೊಂಡಿದ್ದೇನೆ. ನನಗೂ ಸಾಕಾಗಿದೆ ಕಣಮ್ಮ.

ಇವತ್ತು ನೀನು ಅಮ್ಮನ ತಲೆ ಒರೆಸುತ್ತಾ ಹೇಳಿದ್ದು ನನಗೆ ಕೇಳಿಸಿತು. ಪ್ರಿನ್ಸಿಪಾಲ್ ಬಡ್ತಿ ಬಂದಿದೆ, ಕೊಳ್ಳೇಗಾಲಕ್ಕೆ ಹಾಕಿದ್ದಾರೆ, ಬಡ್ತಿ ಬೇಡ ಎಂದು ಸೋಮವಾರ ಬರೆದುಕೊಟ್ಟುಬಿಡುತ್ತೇನೆ ಎಂದೆ. ಯಾಕೆ ಎಂದಳು ಅಮ್ಮ. "ನಿನ್ನ ಸೊಂಟ ಮುರಿದೋಳು ನಾನು. ನೋಡ್ಕೋಬೇಕಾದೋಳೂ ನಾನೇ ಅಲ್ವಾ" ಎಂದೆ. ಬಸ್ಸಿಗೆ ಹೊತ್ತಾಯಿತು ಎನ್ನುವಷ್ಟು ಸಲೀಸಾಗಿ ಹೇಳಿದೆ. ನಾನು ಹಜಾರದಲ್ಲಿ ಪೇಪರ್ ಹಿಡಿದುಕೊಂಡು ಕೂತಿದ್ದೆ. ಇಪ್ಪತ್ತೆರಡು ವರ್ಷ ಮೇಷ್ಟ್ರ ಕೆಲಸ ಮಾಡಿದ ಮೇಲೆ ಬಂದ ಬಡ್ತಿ. ನಿನ್ನ ಗಂಡ ಅಭಿನವನೂ ಹೋಗು ಎಂದಿದ್ದಾನಂತೆ. ಅದನ್ನು ನೀನು ಬಿಡಬಾರದು. ಬಿಡುವುದಕ್ಕೆ ಕಾರಣವೇ ಇಲ್ಲ.

ಮೊದಲು ಗಾಡಿಗಳ ವಿಷಯ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡ, ನನಗೆ ತಿಳಿದಿರುವುದು ಅದೊಂದೇ. ಮೂವತ್ತೊಂದು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದೆ. "ಅಂಬಾಸಿಡರ್ ಕಲಿತವರು ಯಾವ ಗಾಡಿಯನ್ನಾದರೂ ಓಡಿಸಬಲ್ಲರು" ಎಂದು ಬೋರ್ಡಿನ ಮೇಲೆ ಬರೆಸಿದ್ದೆ. ನೀನೂ ಅದರಲ್ಲೇ ಕಲಿತವಳು. ಅಂಬಾಸಿಡರಿನಲ್ಲಿ ಇಂಜಿನ್ನಿನ ಬಲವೆಲ್ಲ ಹೋಗುವುದು ಹಿಂದಿನ ಚಕ್ರಕ್ಕೆ. ಒದ್ದೆ ತಿರುವಿನಲ್ಲಿ ಆಕ್ಸಿಲರೇಟರ್ ಜಾಸ್ತಿಯಾದರೆ ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಆಗ ಹೆದರಿ ತಟ್ಟನೆ ಕಾಲೆತ್ತಿದರೆ ಬುಗುರಿಯ ಹಾಗೆ ತಿರುಗಿಬಿಡುತ್ತದೆ. ಕಾಲು ಹಾಗೇ ಹಿಡಿದು, ಹಿಂಭಾಗ ಜಾರಿದ ಕಡೆಗೇ ಸ್ಟಿಯರಿಂಗ್ ತಿರುಗಿಸಿದರೆ ಸರಿಹೋಗುತ್ತದೆ. "ಕಾಲು ತೆಗೀಬೇಡ" ಎಂದು ಪಕ್ಕದಲ್ಲಿ ಕೂತು ನಿನ್ನನ್ನು ಎಷ್ಟು ಗದರಿದ್ದೇನೋ.

ನಮ್ಮ ಮನೆಯ ಜೆನ್ ಕಾರು ಹಾಗಲ್ಲ. ಅದರಲ್ಲಿ ಗಾಡಿಯನ್ನು ಎಳೆಯುವುದೂ ಮುಂದಿನ ಚಕ್ರ, ತಿರುಗಿಸುವುದೂ ಮುಂದಿನ ಚಕ್ರ. ಒಬ್ಬಳೇ ಸೊಸೆ ಅಡುಗೆ ಮಾಡಿ ಬಡಿಸಲೂ ಬೇಕಾದ ಮನೆಯ ಹಾಗೆ. ಒದ್ದೆ ರಸ್ತೆಯಲ್ಲಿ ಎರಡೂ ಕೆಲಸ ಒಟ್ಟಿಗೆ ಕೇಳಿದರೆ ಅದರ ಕೈಯಲ್ಲಿ ಆಗುವುದಿಲ್ಲ. ಎಷ್ಟು ತಿರುಗಿಸಿದರೂ ಮೂತಿ ನೇರಕ್ಕೇ ಹೋಗುತ್ತದೆ. ಆಗ ಮೆಲ್ಲಗೆ ಕಾಲು ತೆಗೆಯಲೇಬೇಕು. ಸ್ಟಿಯರಿಂಗ್ ಒಂಚೂರು ಸಡಿಲ ಬಿಡಬೇಕು. ಟೈರು ತಾನಾಗಿಯೇ ಮತ್ತೆ ನೆಲ ಹಿಡಿಯುತ್ತದೆ. ಅಲ್ಲಿಗೆ ಒಂದು ಗಾಡಿಯ ಪಾಠ ಇನ್ನೊಂದಕ್ಕೆ ಪೂರ್ತಿ ಉಲ್ಟಾ.

ಇದು ನನಗೆ ಗೊತ್ತಿರಲಿಲ್ಲವೇ? ಅರ್ಧ ಗೊತ್ತಿತ್ತು. ಪೂರ್ತಿ ತಿಳಿದುಕೊಂಡಿದ್ದರೆ ಬೋರ್ಡು ಅಳಿಸಬೇಕಾಗುತ್ತಿತ್ತು. ಹೋದ ತಿಂಗಳು ಮಳೆ ಬಂದ ಮಾರನೆಯ ದಿನ, ಲೈಬ್ರರಿಗೆ ಎಂದು ನಿಮ್ಮಮ್ಮನಿಗೆ ಸುಳ್ಳು ಹೇಳಿ ಕೆಸರೆ ಬಡಾವಣೆಗೆ ಹೋದೆ. ಗ್ಯಾರೇಜಿನ ಚನ್ನಬಸವಯ್ಯನ ಹತ್ತಿರ ಒಂದು ಅಂಬಾಸಿಡರ್, ಒಂದು ಹಳೇ ಜೆನ್, ಒಂದು ಜಿಪ್ಸಿ ಜೀಪು ಇದ್ದವು. ಊರಾಚೆ ಸೈಟು ಮಾಡಲು ಮಟ್ಟ ಮಾಡಿದ ಬಯಲಿಗೆ ಮೂರನ್ನೂ ತರಿಸಿದೆ. "ಅರವತ್ತೇಳಕ್ಕೆ ಇದೇನ್ ಸ್ವಾಮೇರಾ ನಿಮ್ ಸರ್ಕಸ್ಸು, ಸೊಂಟ ಉಳುಕ್ಸ್ಕೊಂಡ್ಬುಟ್ರೆ ನನ್ನ ಕೇಳ್ಬೇಡಿ" ಎಂದು ನಕ್ಕ. ಅಂಬಾಸಿಡರ್ ಜಾರಿತು, ಕಾಲು ಹಿಡಿದೆ, ಸರಿಹೋಯಿತು. ಜಿಪ್ಸಿಯಲ್ಲಿ ನಾಲ್ಕು ಚಕ್ರಕ್ಕೂ ಬಲ ಕೊಟ್ಟು ನೋಡಿದೆ. ಕೆಸರಿನಲ್ಲಿ ಆನೆ ಥರ ಹೋಯಿತು, ಇನ್ನೇನು ಇದಕ್ಕೆ ಭಯವೇ ಇಲ್ಲ ಅಂದುಕೊಂಡೆ. ಬ್ರೇಕ್ ಹಿಡಿದರೆ ಅದೂ ಉಳಿದ ಎರಡರಷ್ಟೇ ದೂರ ಜಾರಿಕೊಂಡು ಹೋಗಿ ನಿಂತಿತು. ಹೊರಡುವುದಕ್ಕೆ ನಾಲ್ಕು ಚಕ್ರ ಸಹಾಯ, ನಿಲ್ಲುವುದಕ್ಕೆ ಏನೂ ಸಹಾಯವಿಲ್ಲ. ಕೊನೆಗೆ ಜೆನ್. ತಿರುವಿನಲ್ಲಿ ನಾನು ನಿನಗೆ ಕಲಿಸಿದ್ದನ್ನೇ ಮಾಡಿದೆ. ಗಾಡಿ ಸೀದಾ ಹೋಗಿ ಮಣ್ಣಿನ ದಿಬ್ಬಕ್ಕೆ ಕೂತಿತು. ಇಳಿದು ಆ ದಿಬ್ಬದ ಮೇಲೇ ಕೂತುಬಿಟ್ಟೆ. ಚನ್ನಬಸವಯ್ಯ ನೀರು ತಂದುಕೊಟ್ಟ.

ಮೂರು ವರ್ಷದ ಹಿಂದೆ ನಮ್ಮ ಜೆನ್‌ನಲ್ಲಿ ಉತ್ತನಹಳ್ಳಿಯಿಂದ ವಾಪಸು ಬರುತ್ತಾ ಆದದ್ದೂ ಅದೇ. ಜಿಟಿಜಿಟಿ ಮಳೆ, ಬಲಕ್ಕೆ ತಿರುವು, ನೀನು ಓಡಿಸುತ್ತಿದ್ದೆ, ಅಮ್ಮ ಪಕ್ಕದಲ್ಲಿ, ನಾನು ಹಿಂದೆ. ಗಾಡಿ ತಿರುಗದೆ ಮೋರಿಯ ಕಟ್ಟೆಗೆ ಹೊಡೆಯಿತು, ಅಮ್ಮನ ಸೊಂಟ ಮುರಿಯಿತು. ತಲೆಗೆ ಪೆಟ್ಟು ಬಿದ್ದು ನಿನಗೆ ಆ ತಿರುವಿನ ನೆನಪೇ ಉಳಿಯಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ನಂಟರೆಲ್ಲ ಸೇರಿ ಹೇಗಾಯಿತು ಎಂದು ಕೇಳಿದಾಗ, "ಹೆದರ್ಕೊಂಡು ಬ್ರೇಕ್ ಒತ್ಬುಟ್ಲು" ಎಂದೆ. ಎಚ್ಚರವಾದ ಮೇಲೆ ನಿನಗೂ ಅದನ್ನೇ ಹೇಳಿದೆ. ನೀನು ನಂಬಿದೆ. ಅವತ್ತಿನಿಂದ ಸ್ಟಿಯರಿಂಗ್ ಮುಟ್ಟಿಲ್ಲ.

ನೀನು ಬ್ರೇಕ್ ಒತ್ತಲಿಲ್ಲ ಹೇಮ. ನಾನು ಕಲಿಸಿದ ಹಾಗೆ ಕಾಲು ಹಿಡಿದೆ, ಅಷ್ಟೆ. ತಪ್ಪು ನಿನ್ನದಲ್ಲ, ಪಾಠದ್ದು. ಮೂವತ್ತೊಂದು ವರ್ಷದ ಮೇಷ್ಟ್ರು ಎಲ್ಲರೆದುರು ಅದನ್ನು ಹೇಳಲಾರದೆ ಮಗಳ ಮೇಲೆ ಹಾಕಿದ. ನಾಚಿಕೆಯಾಗುತ್ತದೆ. ನಾಚಿಕೆಗೂ ಈಗ ವಯಸ್ಸಾಗಿದೆ, ಮೊದಲಿನ ಹಾಗೆ ಚುಚ್ಚುವುದಿಲ್ಲ, ಸುಮ್ಮನೆ ಭಾರ.

ಅಮ್ಮನನ್ನು ನೋಡಿಕೊಳ್ಳಲು ನಾನಿದ್ದೇನೆ. ಸ್ನಾನ ಮಾಡಿಸಲು ಒಬ್ಬರನ್ನು ಗೊತ್ತು ಮಾಡುತ್ತೇನೆ. ನೀನು ಕೊಳ್ಳೇಗಾಲಕ್ಕೆ ಹೋಗು. ನನ್ನ ಮೇಲೆ ಸಿಟ್ಟು ಮಾಡಿಕೊಂಡು ಎಷ್ಟು ದಿನ ಬೇಕಾದರೂ ಮಾತು ಬಿಡು, ಆದರೆ ಹೋಗು.

ನಿನ್ನ ಅಪ್ಪಾಜಿ,
ಸಿದ್ದಲಿಂಗಸ್ವಾಮಿ

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ಕವರಿಗೆ ಹಾಕುವ ಮುಂಚೆ ಕಾಗದವನ್ನು ನಿಮ್ಮಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅವಳು ಕಾಲು ತೆಗೆದಿದ್ಲು ಕಣ್ರೀ" ಎಂದಳು. "ಪಕ್ಕದಲ್ಲೇ ಕೂತಿದ್ನಲ್ಲ, ನೋಡ್ದೆ. ಗಾಡಿ ಇನ್ನೇನು ತಿರುಗ್ತಿತ್ತು. ನೀವು ಹಿಂದಿನಿಂದ ಕೂಗಿದ್ರಿ, ಕಾಲು ತೆಗೀಬೇಡ, ಆಕ್ಸಿಲರೇಟರ್ ಕೊಡು ಅಂತ. ನಿಮ್ಮ ಮಾತು ಕೇಳಿ ಮತ್ತೆ ಒತ್ತಿದ್ಲು." ಹೌದು. ಕೂಗಿದೆ. ಮೂರು ವರ್ಷ ಯಾಕೆ ಹೇಳಲಿಲ್ಲ ಎಂದು ಅವಳನ್ನು ಕೇಳಿದೆ. ನೀವೇ ಹೇಳ್ತೀರಿ ಅಂತ ಕಾದೆ, ಅದು ನನ್ನ ತಪ್ಪು, ಅದನ್ನೂ ಬರೀರಿ ಎಂದಳು. ಬರೆದಿದ್ದೇನೆ. ನಿನಗೆ ಗಾಡಿ ಓಡಿಸಲು ಬರುತ್ತಿತ್ತು, ಮಗಳೇ. ನನಗಿಂತ ಚೆನ್ನಾಗಿ ಬರುತ್ತಿತ್ತು.