ಸುವರ್ಣಾಳ ಮೊಳ

ಸೆಪ್ಟೆಂಬರ್ ೯, ಸೋಮವಾರ
ಬೆಳಿಗ್ಗೆ ಭೀಮಾ ಹೊಳೆ. ಮೂರು ಕಿಲೋ ಮೀನು. ದೋಣಿಯಲ್ಲಿ ಎಂದಿನಂತೆ ಹೆಂಡತಿ ಸುವರ್ಣಾ ಹುಟ್ಟು ಹಾಕಿದಳು, ನಾನು ಬಲೆ ಬೀಸಿದೆ. ಹುಟ್ಟು ಸಿಕ್ಕಿಸುವ ಎಡಗಡೆಯ ಕಬ್ಬಿಣದ ಕೊಂಡಿ ಅಲುಗಾಡುತ್ತಿದೆಯಂತೆ.

"ಬದ್ಲಿ ಮಾಡಸ್ರಿ. ಜೋರ್ ಎಳದ್ರ ಕಿತ್ಕೊಂಡ ಬರತೈತಿ."

"ಸಂತಿ ದಿನ ಮೋರಟಗಿಗೆ ಹೋಗ್ತೇನಲ್ಲ, ತೌಸಿಫನ ಕಡೆ ಮಾಡಸ್ತೇನಿ."

ಸದ್ಯಕ್ಕೆ ನೈಲಾನ್ ಹಗ್ಗ ಸುತ್ತಿದೆ. ನೋಡಿ ನಕ್ಕಳು. "ಇದೇನ್ ದನಾ ಕಟ್ಟೂ ಗೂಟ ಏನ್ರಿ?"

ಸೆಪ್ಟೆಂಬರ್ ೧೬
ಸಂತೆಗೆ ಹೋಗಿದ್ದೆ. ಕೊಂಡಿ ಮರೆತೇ ಬಂದೆ. ತೌಸಿಫನ ವೆಲ್ಡಿಂಗ್ ಅಂಗಡಿ ಬಂದ್ ಇತ್ತು ಅಂತ ಅವಳಿಗೆ ಅಂದೆ. ಸುಳ್ಳು. ಮುಂದಿನ ವಾರ ಖಂಡಿತ.

ನವೆಂಬರ್ ೨
ಪೆನ್ನು ಮುಟ್ಟಿ ಒಂದೂವರೆ ತಿಂಗಳು. ಬರೆಯಲೇಬೇಕು.

ಸೆ. ೨೦. ನಡುಹೊಳೆಯಲ್ಲಿ ಸೆಳವು. ಸುವರ್ಣಾ ಜೋರಾಗಿ ಎಳೆದಳು. ಕೊಂಡಿ ಕಿತ್ತು ಬಂತು. ಹಿಂದಕ್ಕೆ ಬಿದ್ದಳು, ನೀರಿಗೆ. ನನ್ನ ಕೈಗೆಲ್ಲ ಬಲೆ... ಬಿಡಿಸಿಕೊಳ್ಳುವಷ್ಟರಲ್ಲಿ—

ಮರುದಿನ ಸಿಕ್ಕಳು. ಊರವರೆಲ್ಲ ಹೊಳೆಯನ್ನು ಬೈದರು. ನನ್ನನ್ನು ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ ೧೧
ಹೊಟ್ಟೆಪಾಡು. ಇನ್ನು ಒಬ್ಬನೇ ದೋಣಿ ಇಳಿಸಬೇಕು. ತೌಸಿಫ ಎರಡು ಹೊಸ ಕೊಂಡಿ ಮಾಡಿ ದಡಕ್ಕೇ ತಂದ.

"ಅಳತಿ ಕೊಡ್ರಿ ಕಾಕಾ."

ನಮ್ಮಲ್ಲಿ ಇದಕ್ಕೆ ಟೇಪ್ ಹಿಡಿಯುವುದಿಲ್ಲ. ಕೂರುವ ಹಲಗೆಯಿಂದ ಕೊಂಡಿಗೆ ಒಂದು ಮೊಳ, ಹುಟ್ಟು ಹಾಕುವವರ ಸ್ವಂತ ಮೊಳ. ದೋಣಿಯಲ್ಲೇ ಇದ್ದ ಅಳತೆ ಕಡ್ಡಿ ಎತ್ತಿ ಕೊಟ್ಟೆ. ತೂತು ಕೊರೆದು ಬೋಲ್ಟ್ ಬಿಗಿದ. ಅರ್ಧ ತಾಸಿನ ಕೆಲಸ. ಬರೀ ಅರ್ಧ ತಾಸು.

ಹುಟ್ಟು ಸಿಕ್ಕಿಸಿ ಕುಳಿತೆ. ಎಳೆದರೆ ಹಿಡಿಕೆ ಹೊಟ್ಟೆಗೆ ಬಡಿಯಿತು.

"ಇದ್ ಯಾರ ಅಳತಿ ಕಾಕಾ? ನಿಮ್ಮ ಕೈ ಉದ್ದ ಅದಾವಲ್ರಿ."

ಕಡ್ಡಿ ನೋಡಿದೆ. ತುದಿಗೆ ಹಸಿರು ದಾರ. ಮದುವೆಯಾದ ವರ್ಷ ಸುವರ್ಣಾ ಹಲಗೆಗೆ ಮೊಣಕೈ ಊರಿ, ಅಳೆದು ಕತ್ತರಿಸಿದ್ದು.

ತೌಸಿಫನಿಗೂ ತಿಳಿಯಿತು. ತಲೆ ತಗ್ಗಿಸಿದ. "ಬಿಚ್ಚಿ ಮತ್ತ ಕೂಡಸ್ಲ್ಯಾ?"

"ಬ್ಯಾಡೋ. ಇರ್ಲಿ ಬಿಡು."

ನವೆಂಬರ್ ೧೨, ಬೆಳಿಗ್ಗೆ ೭
ದೋಣಿಯಲ್ಲೇ ಕುಳಿತು ಬರೆಯುತ್ತಿದ್ದೇನೆ. ದಡಕ್ಕೆ ಕಟ್ಟಿದ ಹಗ್ಗ ಬಿಚ್ಚಿಲ್ಲ. ಅವಳ ಹಲಗೆ ಖಾಲಿ. ನಾನು ನನ್ನ ಜಾಗದಲ್ಲಿ, ತೊಡೆಯ ಮೇಲೆ ಬಲೆ. ಕೊಂಡಿ ಹಿಡಿದು ಜಗ್ಗಿದೆ. ಒಂದಿಷ್ಟೂ ಅಲುಗಲಿಲ್ಲ. ಅಳು ಬಂತು.

"ಸುವರ್ಣಾ, ಅವತ್ತ ಅಂಗಡಿ ತಗದ ಇತ್ತು," ಅಂದೆ. ಜೋರಾಗಿಯೇ ಅಂದೆ. ಇನ್ನೂ ಒಂದು ಮಾತು ಹೇಳುವುದಿದೆ. ಕೊಂಡಿಗೆ ಆ ನೈಲಾನ್ ಹಗ್ಗ ತಡೆಯುವುದಿಲ್ಲ ಎಂದು ಸುತ್ತುವಾಗಲೇ ನನಗೆ—